ನನ್ನ 1999ರ ಪತ್ರ ವಾಪಸ್ ತೆಗೆದುಕೊಳ್ಳುತ್ತೇನೆ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಆಗಸ್ಟ್ 29ಕ್ಕೆ, ಧ್ಯಾನ್‌ಚಂದ್ ಅವರ ಜನ್ಮದಿನದಂದು, ನೀವು ಹಳೆಯ ಹಾಕಿ ಆಟಗಾರರ ಬಗ್ಗೆ ಒಂದು ಪುಟ ಹಾಕಿದ್ದಿರಿ. ಚೆನ್ನಾಗಿತ್ತು. ಧ್ಯಾನ್‌ಚಂದ್‌ಗೆ ಅರ್ಧ ಪುಟ, ಬಲ್ಬೀರ್ ಸಿಂಗ್‌ಗೆ ಒಂದು ಕಾಲಂ, ಮೊಹಮ್ಮದ್ ಶಾಹಿದ್‌ಗೆ ಫೋಟೊ ಸಮೇತ ಒಂದು ಬಾಕ್ಸ್. ಧನರಾಜ್ ಪಿಳ್ಳೈಗೆ ಮಾತ್ರ ಮೂರೇ ಸಾಲು. ಅದರಲ್ಲಿ ಮೂರನೇ ಸಾಲು, ‘ಆಟದಷ್ಟೇ ಜಗಳಗಳಿಂದಲೂ ಹೆಸರಾದವರು’ ಅಂತ.

ಓದಿ ಮೊದಲು ಸಿಟ್ಟು ಬಂತು. ಚಹಾ ಕುಡಿದ ಮೇಲೆ ನಗು ಬಂತು. ಯಾಕೆಂದರೆ ನಿಮಗೆ ಆ ಸಾಲು ಕಲಿಸಿಕೊಟ್ಟವರಲ್ಲಿ ನಾನೂ ಒಬ್ಬ.

1999ರ ಫೆಬ್ರುವರಿಯಲ್ಲಿ ನಿಮ್ಮದೇ ಪತ್ರಿಕೆಯಲ್ಲಿ, ಇದೇ ಓದುಗರ ಪತ್ರಗಳ ಜಾಗದಲ್ಲಿ, ನನ್ನದೊಂದು ಪತ್ರ ಬಂದಿತ್ತು. ಹನ್ನೊಂದು ಸಾಲು. ಅನಿಲ್ ಕುಂಬ್ಳೆ ದಿಲ್ಲಿಯಲ್ಲಿ ಪಾಕಿಸ್ತಾನದ ಹತ್ತಕ್ಕೆ ಹತ್ತೂ ವಿಕೆಟ್ ತೆಗೆದ ವಾರ ಅದು. ಇಡೀ ಪುಟದ ತುಂಬ ಕುಂಬ್ಳೆಗೆ ಅಭಿನಂದನೆ. ಕೆಳಗೆ ಮೂಲೆಯಲ್ಲಿ ನನ್ನ ಹಾಕಿ. ನಿಮ್ಮ ಹತ್ತಿರ ಹಳೇ ಸಂಚಿಕೆ ಇದ್ದರೆ ತೆಗೆದು ನೋಡಬಹುದು. ಇರದಿದ್ದರೆ ನನ್ನ ಹತ್ತಿರ ಇದೆ. ಅದರಲ್ಲಿ ನಾನು ಬರೆದದ್ದು ಹೀಗೆ: ‘ಪ್ರತಿಭೆ ಎಷ್ಟೇ ಇರಲಿ, ಶಿಸ್ತು ಮೊದಲು. ದೇಶಕ್ಕಾಗಿ ಆಡುವವರು ದುಡ್ಡಿನ ಲೆಕ್ಕ ಕೇಳಬಾರದು. ಧನರಾಜ್ ಪಿಳ್ಳೈ ಅವರನ್ನು ತಂಡದಿಂದ ಕೈಬಿಟ್ಟದ್ದು ಸರಿಯಾಗಿಯೇ ಇದೆ.’

ಆ ಪತ್ರದ ಬಗ್ಗೆಯೇ ಇವತ್ತು ಬರೆಯುತ್ತಿರುವುದು. ಸ್ವಲ್ಪ ಉದ್ದ ಆಗುತ್ತದೆ. ಕತ್ತರಿ ನಿಮ್ಮ ಕೈಯಲ್ಲೇ ಇದೆ.

ನಾನು ಟರ್ನರ್, ಅಂದರೆ ಲೇತ್ ಯಂತ್ರದಲ್ಲಿ ಲೋಹ ಕಡೆಯುವವನು. ಬೆಳಗಾವಿಯ ಉದ್ಯಮಬಾಗದಲ್ಲಿ ಮೂವತ್ತಾರು ವರ್ಷ ಲೇತ್ ಮುಂದೆ ನಿಂತವನು. ಹುಟ್ಟಿದ್ದು 1964ರಲ್ಲಿ. ಟೋಕಿಯೊ ಒಲಿಂಪಿಕ್ಸ್ ಫೈನಲ್‌ನಲ್ಲಿ ಪಾಕಿಸ್ತಾನವನ್ನು 1-0ಯಿಂದ ಸೋಲಿಸಿ ನಾವು ಚಿನ್ನ ಗೆದ್ದ ವರ್ಷ ಅದು. ಆ ತಂಡದಲ್ಲಿ ನಮ್ಮ ಬೆಳಗಾವಿಯ ಬಂಡು ಪಾಟೀಲರಿದ್ದರು. ನಮ್ಮ ಅಪ್ಪನಿಗೆ ಈ ಎರಡೂ ಸುದ್ದಿ ಬೇರೆ ಬೇರೆ ಅಂತ ಯಾವತ್ತೂ ಅನ್ನಿಸಲೇ ಇಲ್ಲ. ಮನೆಗೆ ಯಾರೇ ಬಂದರೂ, ‘ಬಂಡು ಪಾಟೀಲ ಚಿನ್ನ ತಂದ ವರ್ಷದಾಗ ಹುಟ್ಟ್ಯಾನ್ರೀ ಇಂವ’ ಅಂತಲೇ ನನ್ನ ಪರಿಚಯ ಮಾಡಿಸುತ್ತಿದ್ದರು. ಅಂಥ ಮನೆಯಲ್ಲಿ ಕೈಗೆ ಬ್ಯಾಟ್ ಬರುತ್ತದೆಯೇ? ಸ್ಟಿಕ್ಕೇ ಬಂತು. ಅದೂ ಯಾರೋ ಆಡಿ ಬಿಟ್ಟಿದ್ದು. ಸೀಳಿದ ಜಾಗಕ್ಕೆ ಫೆವಿಕಾಲ್ ಸುರಿದು, ಮೇಲೆ ಸುತಳಿ ಬಿಗಿದು, ಒಂದು ರಾತ್ರಿ ಇಟ್ಟಿಗೆ ಕೆಳಗಿಟ್ಟು ಒಣಗಿಸಿದರೆ ಇನ್ನೊಂದು ತಿಂಗಳು ಬರುತ್ತಿತ್ತು. ತಿಲಕವಾಡಿಯ ಲೇಲೆ ಮೈದಾನದ ಕೆಂಪು ಮಣ್ಣಿನಲ್ಲಿ ಆಡಿದೆ. ಜೂನ್ ಬಂತೆಂದರೆ ಆಟ ಬಂದ್. ನಮ್ಮೂರ ಮಳೆ ಗೊತ್ತಲ್ಲ, ಹಿಡಿದರೆ ಬಿಡುವುದಿಲ್ಲ. ಮುಂದೆ ಕಾರ್ಖಾನೆ ಟೀಮಿನಲ್ಲಿ ರೈಟ್ ಇನ್ ಆಡಿದೆ. ಆಟಗಾರ ಅಂತ ಹೇಳಿಕೊಳ್ಳುವಷ್ಟೇನೂ ಇಲ್ಲ ಬಿಡಿ.

ಧನರಾಜ್ ಬಂದ ಕಾಲ ಬರಗಾಲ. 1980ರ ಮಾಸ್ಕೊ ಚಿನ್ನ ಆದಮೇಲೆ ಒಲಿಂಪಿಕ್ಸ್‌ನಲ್ಲಿ ಏನೂ ಬಂದಿರಲಿಲ್ಲ. 1986ರ ಲಂಡನ್ ವಿಶ್ವಕಪ್‌ನಲ್ಲಿ ಹನ್ನೆರಡು ತಂಡಗಳಲ್ಲಿ ನಮ್ಮದು ಹನ್ನೆರಡನೇ ಸ್ಥಾನ. ಮಷಿನ್ ಶಾಪ್‌ನಲ್ಲಿ ಹಾಕಿ ಮಾತೆತ್ತಿದರೆ ಹುಡುಗರು ನಗುತ್ತಿದ್ದರು. ಆಗ ಟೀವಿಯಲ್ಲಿ ಒಬ್ಬ ಕಾಣಿಸಿಕೊಂಡ. ಉದ್ದ ಕೂದಲು, ಕಡ್ಡಿಯಂಥ ಮೈ, ಓಟ ಶುರು ಮಾಡಿದರೆ ಚೆಂಡೇ ಅವನನ್ನು ಎಳೆದುಕೊಂಡು ಹೋಗುತ್ತಿದೆ ಅನ್ನಿಸುತ್ತಿತ್ತು. ಎಡ ಭುಜ ಸ್ವಲ್ಪ ಇಳಿಸುತ್ತಿದ್ದ. ಎದುರಿನ ಡಿಫೆಂಡರ್ ಆ ಕಡೆ ವಾಲುತ್ತಿದ್ದ. ಅಷ್ಟರಲ್ಲಿ ಇವನು ಬಲಗಡೆಯಿಂದ ಡಿ ಒಳಗೆ, ಅಂದರೆ ಗೋಲಿನ ಮುಂದಿನ ಅರ್ಧವೃತ್ತದೊಳಗೆ ಇರುತ್ತಿದ್ದ. ಏಕವಚನದಲ್ಲಿ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಮೈದಾನದ ಹೊರಗೆ ನಿಂತು ನೋಡುವವರು ಆಟಗಾರನನ್ನು ಹೀಗೇ ಕರೆಯುವುದು. 1999ರ ಪತ್ರದಲ್ಲಿ ‘ಅವರು’ ಅಂತ ಬರೆದಿದ್ದೆ ನೋಡಿ, ಅಲ್ಲೇ ಗೊತ್ತಾಗಬೇಕಿತ್ತು ನಾನು ದೂರ ಸರಿದಿದ್ದೆ ಅಂತ.

1990ರ ಬೀಜಿಂಗ್ ಏಷ್ಯನ್ ಗೇಮ್ಸ್ ಹೊತ್ತಿಗೆ ಗಣಪತ್ ಗಲ್ಲಿಯಲ್ಲಿ ಒಂದು ಉದ್ದದ ನೋಟ್‌ಬುಕ್ ಕೊಂಡೆ. ಇನ್ನೂರು ಪುಟ, ಕೆಂಪು ಬೈಂಡಿಂಗ್. ಧನರಾಜನ ಗೋಲು ಬರೆಯುವುದಕ್ಕೆ. ಮ್ಯಾಚ್, ಊರು, ಎದುರಾಳಿ, ಗೋಲು, ಯಾವ ನಿಮಿಷ. ಪೇಪರ್‌ನಲ್ಲಿ ಬಂದದ್ದು, ಆಕಾಶವಾಣಿಯಲ್ಲಿ ಕೇಳಿದ್ದು, ಟೀವಿಯಲ್ಲಿ ಕಂಡದ್ದು. ವೆರ್ನಿಯರ್ ಹಿಡಿದು ಅಳತೆ ಬರೆದಿಡುವ ಕೈ, ಸುಮ್ನೆ ಇರಲಾರದೆ ಇದನ್ನೂ ಬರೆಯಿತು. ಆಗ ಅದು ಒಂದು ಚಟ ಅಷ್ಟೇ. ಎಷ್ಟೋ ವರ್ಷ ಆದಮೇಲೆ ಗೊತ್ತಾಯಿತು, ಭಾರತಕ್ಕೆ 339 ಅಂತರರಾಷ್ಟ್ರೀಯ ಪಂದ್ಯ ಆಡಿದವನು ಎಷ್ಟು ಗೋಲು ಹೊಡೆದ ಎನ್ನುವ ಲೆಕ್ಕವನ್ನು ಆಗಿನ ಭಾರತೀಯ ಹಾಕಿ ಫೆಡರೇಶನ್ ಇಟ್ಟಿರಲೇ ಇಲ್ಲ. ಸಚಿನ್ ಎಷ್ಟು ರನ್ ಹೊಡೆದ ಅಂದರೆ ಬೀದಿಯಲ್ಲಿ ಆಡುವ ಹುಡುಗ ಹೇಳುತ್ತಾನೆ. ಇವನ ಗೋಲು ಎಷ್ಟು ಅಂದರೆ ಒಬ್ಬೊಬ್ಬರು ಒಂದೊಂದು ಅಂದಾಜು ಹೇಳುತ್ತಾರೆ.

ನನ್ನ ಪುಸ್ತಕವನ್ನೂ ನಂಬಬೇಡಿ. ಅದರಲ್ಲಿ ಹದಿನಾಲ್ಕು ಖಾಲಿ ಪುಟಗಳಿವೆ. ಯಾಕೆ ಅಂತ ಹೇಳುತ್ತೇನೆ.

1998ರ ಡಿಸೆಂಬರ್, ಬ್ಯಾಂಕಾಕ್ ಏಷ್ಯನ್ ಗೇಮ್ಸ್. ಧನರಾಜ್ ಕ್ಯಾಪ್ಟನ್. ಫೈನಲ್ ದಕ್ಷಿಣ ಕೊರಿಯಾ ವಿರುದ್ಧ. ಆಟ ಮುಗಿದಾಗ 1-1. ಟೈಬ್ರೇಕರ್. ಗೋಲಿನಲ್ಲಿ ನಮ್ಮ ಬೆಂಗಳೂರಿನ ಆಶಿಶ್ ಬಲ್ಲಾಳ್. 4-2ರಿಂದ ಗೆದ್ದೆವು. ಏಷ್ಯನ್ ಗೇಮ್ಸ್‌ನಲ್ಲಿ 1966ರ ನಂತರ ಮೊದಲ ಚಿನ್ನ, ಮೂವತ್ತೆರಡು ವರ್ಷ ಆದಮೇಲೆ. ಆಗಲೂ ಬ್ಯಾಂಕಾಕೇ. ಅನಗೋಳದ ನಮ್ಮ ಮನೆಯಲ್ಲಿ ಹದಿನೈದು ಮಂದಿ ಸೇರಿದ್ದೆವು. ನಾನು ಓಡಿ ಹೋಗಿ ಒಂದು ಕಿಲೊ ಕುಂದಾ ತಂದೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಆ ದಿನ ಯಾರೂ ಬೇಡ ಅನ್ನಲಿಲ್ಲ.

ಕುಂದಾದ ಡಬ್ಬಿ ತೊಳೆದಿಟ್ಟು ಎರಡು ತಿಂಗಳೂ ಆಗಿರಲಿಲ್ಲ, ಸುದ್ದಿ ಬಂತು. ಧನರಾಜ್ ಮತ್ತು ಇನ್ನೂ ಆರು ಹಿರಿಯ ಆಟಗಾರರು ತಂಡದಲ್ಲಿಲ್ಲ. ಅಧಿಕೃತ ಕಾರಣ, ‘ವಿಶ್ರಾಂತಿ’. ಚಿನ್ನ ಗೆದ್ದ ಕ್ಯಾಪ್ಟನ್‌ಗೆ ವಿಶ್ರಾಂತಿ! ಅಸಲು ವಿಷಯ ಎಲ್ಲರಿಗೂ ಗೊತ್ತಿತ್ತು. ಆಟಗಾರರಿಗೆ ಕೊಡುವ ದುಡ್ಡು ಸಾಲದು ಅಂತ ಅವನು ಬಾಯಿ ಬಿಟ್ಟು ಹೇಳಿದ್ದ. ವಿದೇಶಕ್ಕೆ ಹೋದಾಗ ಕೊಡುವ ದಿನದ ಭತ್ಯೆ ಏನೇನಕ್ಕೂ ಸಾಲುವುದಿಲ್ಲ ಅಂತಲೂ ಹೇಳಿದವನೇ ಅವನು. ಆಗ ಫೆಡರೇಶನ್ ಅಧ್ಯಕ್ಷರು ಕೆ.ಪಿ.ಎಸ್. ಗಿಲ್. ಪಂಜಾಬ್ ಪೊಲೀಸ್ ಮುಖ್ಯಸ್ಥರಾಗಿದ್ದವರು. ನನಗೆ ಅವರ ಮೇಲೆ ಬಹಳ ಗೌರವ. ಇಂಥವರು ಇದ್ದರೇನೇ ಎಲ್ಲ ನೆಟ್ಟಗಾಗುವುದು ಅಂತ ನಂಬಿದ್ದವನು ನಾನು. ನಾವು ಕಾರ್ಮಿಕರು ನೋಡಿ, ಗದರುವವರನ್ನು ಕಂಡರೆ ನಮಗೆ ಯಾಕೋ ಒಂಥರಾ ಭಕ್ತಿ.

ಹಾಗಾಗಿ ಬರೆದೆ. ಒಂದು ಇನ್‌ಲ್ಯಾಂಡ್ ಲೆಟರ್‌ನಲ್ಲಿ. ನೀವು ಹಾಕಿದಿರಿ.

ಪತ್ರ ಬಂದ ದಿನ ಕಾರ್ಖಾನೆಯಲ್ಲಿ ನನಗೆ ಮೆರವಣಿಗೆಯೊಂದು ಬಾಕಿ. ನಮ್ಮ ಸೂಪರ್‌ವೈಸರ್ ಪತ್ರವನ್ನು ಕತ್ತರಿಸಿ, ಕ್ಯಾಂಟೀನ್ ಪಕ್ಕದ ನೋಟಿಸ್ ಬೋರ್ಡಿನ ಗಾಜಿನೊಳಗೆ ಹಚ್ಚಿಸಿದರು. ‘ಶಿಸ್ತು ಮೊದಲು’ ಅನ್ನುವ ಎರಡು ಶಬ್ದದ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ. ನಾನು ಆ ಗೆರೆ ನೋಡಿ ಎಷ್ಟು ಉಬ್ಬಿದ್ದೆ ಅಂದರೆ, ಮನೆಗೆ ಹೋದವನೇ ಹೆಂಡತಿಗೆ ಮೊದಲು ಗೆರೆಯ ಸುದ್ದಿ ಹೇಳಿದೆ, ಆಮೇಲೆ ಪತ್ರದ್ದು. ಇನ್ನೊಂದು ಪ್ರತಿ ಕತ್ತರಿಸಿ ನೋಟ್‌ಬುಕ್ಕಿನಲ್ಲಿ ಅಂಟಿಸಿ, ಆ ಪುಟದಿಂದ ಗೋಲು ಬರೆಯುವುದನ್ನು ನಿಲ್ಲಿಸಿದೆ. ಮುಗಿಯಿತು ಇವನ ಕತೆ ಅಂದುಕೊಂಡೆ.

ಮುಗಿಯಲಿಲ್ಲ. ಅವನನ್ನು ಮತ್ತೆ ತೆಗೆದುಕೊಂಡರು. ತೆಗೆದುಕೊಳ್ಳದೆ ಏನು ಮಾಡುತ್ತಾರೆ, ಅಂಥ ಇನ್ನೊಬ್ಬ ಎಲ್ಲಿದ್ದ? 1999-2000ದ ಸಾಲಿಗೆ ಖೇಲ್ ರತ್ನ ಕೂಡ ಅವನಿಗೇ ಬಂತು. ಅಂದರೆ ಫೆಡರೇಶನ್ ‘ವಿಶ್ರಾಂತಿ ತಗೋ’ ಅಂದವನಿಗೇ ಸರ್ಕಾರ ದೇಶದ ದೊಡ್ಡ ಕ್ರೀಡಾ ಪ್ರಶಸ್ತಿ ಕೊಟ್ಟಿತು. ನಾನು ಮಾತ್ರ ನೋಟ್‌ಬುಕ್ ತೆರೆಯಲಿಲ್ಲ.

2000ದ ಸಿಡ್ನಿ ಒಲಿಂಪಿಕ್ಸ್. ಪೋಲೆಂಡ್ ವಿರುದ್ಧ ಗೆದ್ದರೆ ಸೆಮಿಫೈನಲ್. 1-0 ಮುಂದಿದ್ದೆವು. ಕೊನೇ ನಿಮಿಷಗಳಲ್ಲಿ ಗೋಲು ಬಿಟ್ಟುಕೊಟ್ಟು 1-1 ಆಯಿತು. ಅಲ್ಲಿಗೆ ಎಲ್ಲ ಮುಗಿಯಿತು. ನಮ್ಮ ಹುಡುಗರು ಟರ್ಫ್ ಮೇಲೆ ಕೂತುಬಿಟ್ಟಿದ್ದರು. ಮನೆಯಲ್ಲಿ ಎಲ್ಲರೂ ಸುಮ್ಮನಾದರು. ನಾನು ಗಟ್ಟಿಯಾಗಿ, ‘ಬೇಕಾಗಿತ್ತು ಇವನಿಗೆ’ ಅಂದೆ. ಅಪ್ಪ ನನ್ನ ಕಡೆ ತಿರುಗಿ ನೋಡಿದರು. ಏನೂ ಹೇಳಲಿಲ್ಲ. ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ಹುಣಸೆ ನಾರಿನ ಹಾಗೆ ನನಗೆ ಇವತ್ತಿಗೂ ತೊಂದರೆ ಕೊಡುತ್ತದೆ.

ಈಗ 2001. ಕಾರ್ಖಾನೆಯ ಹೆಸರು ಬರೆಯುವುದಿಲ್ಲ. ಉದ್ಯಮಬಾಗದಲ್ಲಿ ನೂರಾರು ಇವೆ, ಯಾವುದಾದರೂ ಅಂದುಕೊಳ್ಳಿ. ಹೊರದೇಶದ ಒಂದು ಆರ್ಡರ್ ಬಂದಿತ್ತು. ಮೂರು ತಿಂಗಳು ಹನ್ನೆರಡು ಹನ್ನೆರಡು ತಾಸು ದುಡಿದೆವು. ಆಗಿನ ಕಾರ್ಖಾನೆ ಕಾಯ್ದೆ ಪ್ರಕಾರ ಓಟಿಗೆ, ಅಂದರೆ ಹೆಚ್ಚುವರಿ ತಾಸಿನ ದುಡಿಮೆಗೆ, ಡಬಲ್ ಪಗಾರ ಕೊಡಬೇಕಿತ್ತು. ಅದು 1948ರ ಕಾಯ್ದೆ, ಹೊಸದೇನಾಗಿರಲಿಲ್ಲ. ನಮಗೆ ಸಿಂಗಲ್ ಲೆಕ್ಕ ಹಾಕಿದ್ದರು. ಐದು ಮಂದಿ ಹೋಗಿ ಕೇಳಿದೆವು. ಮಾತಿಗೆ ಮಾತು ಬೆಳೆಯಿತು. ನಾನು ಎಲ್ಲರ ಎದುರಿಗೆ ಸೂಪರ್‌ವೈಸರ್‌ಗೆ ಒಂದು ಶಬ್ದ ಅಂದೆ. ಅದನ್ನು ನೀವು ಅಚ್ಚು ಹಾಕುವುದಿಲ್ಲ.

ಮರುದಿನ ಬೆಳಗ್ಗೆ ಅವರು ನನ್ನನ್ನು ನೋಟಿಸ್ ಬೋರ್ಡ್ ಹತ್ತಿರ ಕರೆದುಕೊಂಡು ಹೋದರು. ಕೂಗಾಡಲಿಲ್ಲ. ಜೇಬಿನಿಂದ ಕೀಲಿ ತೆಗೆದರು, ಗಾಜಿನ ಬಾಗಿಲು ತೆರೆದರು, ಎರಡು ವರ್ಷದಿಂದ ಅಲ್ಲೇ ಇದ್ದ, ಹಳದಿಯಾಗಿದ್ದ ನನ್ನ ಪತ್ರವನ್ನು ಪಿನ್ ಬಿಚ್ಚಿ ನನ್ನ ಕೈಗೆ ಕೊಟ್ಟರು.

‘ಓದಪಾ. ಗಟ್ಟಿಯಾಗಿ ಓದು. ನೀನ ಬರ್ದೀಯಲ್ಲ.’

ನಾನು ಓದಲಿಲ್ಲ.

‘ದುಡ್ಡಿನ ಲೆಕ್ಕ ಕೇಳಬಾರದು ಅಂತ ಬರ್ದೀ. ನಾ ಏನ್ ಹೇಳಿಲ್ಲ ನಿನಗ. ಇರ್ಲಿ, ಸ್ವಲ್ಪ ದಿವಸ ಲೇತ್ ಬಿಟ್ಟು ರೆಸ್ಟ್ ತಗೋ.’

ರೆಸ್ಟ್! ಅದೇ ಶಬ್ದ. ಅವರು ಬೇಕಂತಲೇ ಅಂದರೋ, ಬಾಯಿಗೆ ಬಂದದ್ದು ಅಂದರೋ ನನಗೆ ಗೊತ್ತಿಲ್ಲ. ಹಾಕಿ ನೋಡುವವರಲ್ಲ ಅವರು.

ನನ್ನ ರೆಸ್ಟ್ ಅಂದರೆ ಫೆಟ್ಲಿಂಗ್ ಸೆಕ್ಷನ್. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎರಕ ಹೊಯ್ದ ಕಾಸ್ಟಿಂಗ್ ಅಚ್ಚಿನಿಂದ ಹೊರಬಂದಾಗ ಅಂಚಿನ ಸುತ್ತ ಬೇಡದ ಕಬ್ಬಿಣ ಅಂಟಿಕೊಂಡಿರುತ್ತದೆ, ದೋಸೆಯ ಅಂಚು ಹೊರಗೆ ಹರಡಿದ ಹಾಗೆ. ಅದನ್ನು ಸುತ್ತಿಗೆಯಿಂದ ಒಡೆದು, ಕೈ ಗ್ರೈಂಡರ್ ಹಿಡಿದು ಉಜ್ಜಿ ತೆಗೆಯುವ ಕೆಲಸ. ದಿನವಿಡೀ ಕಿಡಿ, ದಿನವಿಡೀ ಧೂಳು. ಸಂಜೆ ಮೂಗು ಸೀನಿದರೆ ಕರವಸ್ತ್ರ ಕರ್ರಗೆ. ಕೂದಲೆಳೆ ಅಳತೆಯ ಕೆಲಸ ಮಾಡುತ್ತಿದ್ದ ಕೈ, ರಾತ್ರಿ ಊಟಕ್ಕೆ ಕೂತಾಗ ರೊಟ್ಟಿ ಮುರಿಯುವಾಗಲೂ ನಡುಗುತ್ತಿತ್ತು. ಹನ್ನೊಂದು ತಿಂಗಳು.

ಆಗ ಧನರಾಜನ ನೆನಪಾಯಿತೇ ಅಂದರೆ, ಆಯಿತು. ಆದರೆ ಒಳ್ಳೆಯ ರೀತಿಯಲ್ಲಲ್ಲ. ಮೊದಲು ಅವನ ಮೇಲೇ ಸಿಟ್ಟು ಬಂತು. ಇವನ ಗೊಡವೆಗೆ ಹೋಗಿ ಪತ್ರ ಬರೆದದ್ದರಿಂದ ತಾನೇ ನನಗೆ ಈ ಗತಿ ಅಂತ. ಮನುಷ್ಯನ ಬುದ್ಧಿ ಎಷ್ಟು ಸಣ್ಣದು ನೋಡಿ. ಎರಡು ಮೂರು ತಿಂಗಳು ಹೋದಮೇಲೆ, ಒಂದು ಭಾನುವಾರ, ನೋಟ್‌ಬುಕ್ ತೆಗೆದು ಆ ಹನ್ನೊಂದು ಸಾಲು ಓದಿದೆ. ‘ದೇಶಕ್ಕಾಗಿ ಆಡುವವರು’ ಇದ್ದ ಕಡೆ ‘ಕಾರ್ಖಾನೆಗಾಗಿ ದುಡಿಯುವವರು’ ಅಂತ ಮನಸ್ಸಿನಲ್ಲೇ ಇಟ್ಟು ಓದಿದೆ. ಒಂದು ಅಕ್ಷರವೂ ಆಚೀಚೆ ಆಗದೆ ಸರಿಯಾಗಿ ಕೂತಿತು.

ಹೆಂಡತಿಗೆ ಹೇಳಿದೆ. ಅವಳು ಹಾಕಿ ನೋಡುವವಳಲ್ಲ, ನನ್ನನ್ನು ನೋಡಿದವಳು. ‘ಕೇಳಿದ್ದೇನ್ ತಪ್ಪಲ್ರೀ, ನಾಕ್ ಮಂದಿ ಎದುರಿಗೆ ಬೈದ್ರಲ್ಲ, ಅದು ಬ್ಯಾಡಾಗಿತ್ತು. ಆ ನಿಮ್ಮ ಧನರಾಜಂದೂ ಹಂಗೇ ಇರ್ತೈತಿ’ ಅಂದಳು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರಲ್ಲ, ಅದು ಅವಳ ಮಾತು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಆಯಿತು, ಈ ವಿಷಯದಲ್ಲಿ ನಮ್ಮಿಬ್ಬರ ವಾದ ಮುಗಿದಿಲ್ಲ. ಅವಳು ಹೇಳುವುದರಲ್ಲಿ ಅರ್ಧ ನಿಜ. ಧನರಾಜನಿಗೆ ಮೂಗಿನ ಮೇಲೆ ಸಿಟ್ಟು, ಕಣ್ಣಂಚಿನಲ್ಲಿ ನೀರು. ಎರಡನ್ನೂ ಕ್ಯಾಮೆರಾ ಎದುರಿಗೇ ತೋರಿಸುತ್ತಿದ್ದ. ಒಳಗೆ ಕೂತು ಮಾತಾಡಿ ಬಗೆಹರಿಸಬಹುದಾದದ್ದನ್ನು ಅಂಗಳಕ್ಕೆ ತಂದ ಅಂತ ನನಗೂ ಎಷ್ಟೋ ಸಲ ಅನ್ನಿಸಿದೆ. ಆದರೆ ನನ್ನದೊಂದು ಪ್ರಶ್ನೆಗೆ ಹೆಂಡತಿ ಇವತ್ತಿಗೂ ಉತ್ತರ ಕೊಟ್ಟಿಲ್ಲ. ನಮ್ಮ ಐದು ಮಂದಿಯಲ್ಲಿ ಒಬ್ಬ ಕೈಮುಗಿದುಕೊಂಡೇ ಕೇಳಿದ್ದ. ‘ಸಾಹೇಬ್ರ, ನಿಮಗ ತಿಳದಂಗ ಮಾಡ್ರಿ’ ಅಂದಿದ್ದ. ಅವನನ್ನೂ ಫೆಟ್ಲಿಂಗಿಗೇ ಹಾಕಿದರು. ನನ್ನ ಪಕ್ಕದ ಗ್ರೈಂಡರ್.

ನೋಟ್‌ಬುಕ್ ಮತ್ತೆ ಶುರುವಾದದ್ದು 2002ರಲ್ಲಿ. ನಡುವೆ ಹದಿನಾಲ್ಕು ಪುಟ ಬಿಟ್ಟೆ, ಹಳೇ ಪೇಪರ್ ಹುಡುಕಿ ತುಂಬಿಸೋಣ ಅಂತ. ತುಂಬಿಸಲಿಲ್ಲ. ಆ ವರ್ಷ ಕಲೋನ್‌ನ ಚಾಂಪಿಯನ್ಸ್ ಟ್ರೋಫಿಯಲ್ಲಿ ಭಾರತ ನಾಲ್ಕನೇ ಸ್ಥಾನ, ಆದರೂ ಟೂರ್ನಿಯ ಶ್ರೇಷ್ಠ ಆಟಗಾರ ಧನರಾಜ್. ಮೂವತ್ನಾಲ್ಕು ವರ್ಷದವನು. ಬೂಸಾನ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಕೊರಿಯಾ ಎದುರು 4-3ರಿಂದ ಸೋಲು, ಬೆಳ್ಳಿ. ಮರುವರ್ಷ ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 4-2ರಿಂದ ಸೋಲಿಸಿ ಏಷ್ಯಾ ಕಪ್. ಕ್ಯಾಪ್ಟನ್ ಅವನೇ.

ಆ ಹೊತ್ತಿಗೆ ನಾನು ಮತ್ತೆ ಲೇತ್‌ಗೆ ಬಂದಿದ್ದೆ. ಒಮ್ಮೆ ಪಿಂಪ್ರಿಯ ಗಿರಾಕಿ ಒಂದು ಲಾಟ್ ರಿಜೆಕ್ಟ್ ಮಾಡಿದರು ಅಂತ, ಅಲ್ಲೇ ಸರಿಮಾಡಿ ಕೊಡಲು ನನ್ನನ್ನು ಲಾರಿಯಲ್ಲಿ ಕಳಿಸಿದರು. ಪುಣೆ ದಾಟಿ ಪಿಂಪ್ರಿಗೆ ಹೋಗುವ ದಾರಿಯಲ್ಲಿ ಖಡ್ಕಿ. ಧನರಾಜ್ ಹುಟ್ಟಿ ಬೆಳೆದ ಊರು. ತಮಿಳು ಮನೆತನ. ಅಪ್ಪ ಅಲ್ಲಿನ ಆರ್ಡ್‌ನನ್ಸ್ ಫ್ಯಾಕ್ಟರಿಯಲ್ಲಿ, ಅಂದರೆ ಸೇನೆಗೆ ಮದ್ದುಗುಂಡು ಮಾಡುವ ಕಾರ್ಖಾನೆಯಲ್ಲಿ, ಮೈದಾನ ನೋಡಿಕೊಳ್ಳುವ ಕೆಲಸದಲ್ಲಿದ್ದವರು. ಆ ಮೈದಾನದ ಮೆತ್ತನೆಯ, ಅಂಟು ಮಣ್ಣಿನಲ್ಲಿ, ಮುರಿದ ಸ್ಟಿಕ್, ಬಿಸಾಡಿದ ಚೆಂಡು ಹಿಡಿದು ಅಣ್ಣತಮ್ಮಂದಿರು ಆಡಿದವರು. ಮೊಹಮ್ಮದ್ ಶಾಹಿದ್ ಆಟ ನೋಡಿ ನೋಡಿ ನಕಲು ಮಾಡಿದವನು ಧನರಾಜ್. ಡ್ರೈವರ್‌ಗೆ ಚಹಾ ಕೊಡಿಸುತ್ತೇನೆ ಅಂತ ಹೇಳಿ ಲಾರಿ ನಿಲ್ಲಿಸಿದೆ. ಒಳಗೆ ಬಿಡುವುದಿಲ್ಲ, ಅದು ಮಿಲಿಟರಿ ಜಾಗ. ಕಾಂಪೌಂಡ್ ಹೊರಗೇ ನಿಂತಿದ್ದೆ. ಸೈರನ್ ಆಯಿತು. ಶಿಫ್ಟ್ ಬಿಟ್ಟಿತು. ಊಟದ ಡಬ್ಬಿ ಸೈಕಲ್ ಹ್ಯಾಂಡಲ್‌ಗೆ ಸಿಕ್ಕಿಸಿಕೊಂಡು ಜನ ಹೊರಗೆ ಬಂದರು. ಥೇಟ್ ನಮ್ಮ ಉದ್ಯಮಬಾಗದ ಗೇಟು. ಇಂಥ ಮನೆಯಲ್ಲಿ ಬೆಳೆದವನಿಗೆ ದುಡ್ಡಿನ ಲೆಕ್ಕ ಕೇಳಬೇಡ ಅಂತ ಹೇಳಿದವನು ನಾನು, ಅದೂ ನಾನು ಯಾರು, ಪಗಾರದ ಚೀಟಿಯನ್ನು ಎರಡು ಸಲ ಕೂಡಿಸಿ ನೋಡುವವನು.

ಅಥೆನ್ಸ್ ಬಗ್ಗೆ ಜಾಸ್ತಿ ಬರೆಯಲು ಮನಸ್ಸಿಲ್ಲ. 2004. ಅವನ ನಾಲ್ಕನೇ ಒಲಿಂಪಿಕ್ಸ್. ಆಟ ಶುರುವಾಗಲು ಕೆಲವೇ ವಾರ ಇರುವಾಗ ಕೋಚ್ ರಾಜಿಂದರ್ ಸಿಂಗ್ ಅವರನ್ನು ತೆಗೆದು ಜರ್ಮನಿಯ ಗೆರ್ಹಾರ್ಡ್ ರಾಖ್ ಅವರನ್ನು ತಂದರು. ಧನರಾಜ್ ಆಡಿದ್ದಕ್ಕಿಂತ ಬೆಂಚಿನ ಮೇಲೆ ಕೂತದ್ದೇ ಹೆಚ್ಚು ನೆನಪು. ಸಿಡ್ನಿಯ ಹಾಗೇ ಮತ್ತೆ ಏಳನೇ ಸ್ಥಾನ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತಾರೀಖು ಮಾತ್ರ ಇದೆ.

ಆಮೇಲಿನದು ನಿಮಗೂ ಗೊತ್ತು. 2008ರ ಮಾರ್ಚ್‌ನಲ್ಲಿ ಚಿಲಿಯಲ್ಲಿ ಬ್ರಿಟನ್ ವಿರುದ್ಧ 2-0ಯಿಂದ ಸೋತು, ಭಾರತ ಒಲಿಂಪಿಕ್ಸ್‌ಗೆ ಅರ್ಹತೆಯನ್ನೇ ಪಡೆಯಲಿಲ್ಲ. ಮುಂದಿನ ತಿಂಗಳು ಫೆಡರೇಶನ್ ಅಮಾನತಾಯಿತು. ಹಳೇ ಆಟಗಾರರ ಸಮಿತಿ ಬಂತು. ಅದರಲ್ಲಿ ಧನರಾಜನೂ ಇದ್ದ. ಈಗ ನೋಡೋಣ, ಕೂಗುವವನಿಗೆ ಕುರ್ಚಿ ಸಿಕ್ಕಿದೆ, ಏನು ಮಾಡುತ್ತಾನೆ ಅಂತ ನಾನು ಕಾದೆ. ನಾನು ಕಾದಷ್ಟು ಏನೂ ಆಗಲಿಲ್ಲ. ಕುರ್ಚಿಯಲ್ಲಿ ಕೂತವರ ಜಗಳ ಹಾಗೇ ನಡೆಯಿತು. ಅವನಾದರೂ ಏನು ಮಾಡಬಲ್ಲ, ಓಡಲು ಹುಟ್ಟಿದವನು ಮೀಟಿಂಗಿನಲ್ಲಿ ಕೂತರೆ. ಇದನ್ನು ಬರೆದದ್ದು ಯಾಕೆಂದರೆ, ನಾನು ಅವನನ್ನು ದೇವರು ಮಾಡಿ ಕೂರಿಸುತ್ತಿದ್ದೇನೆ ಅಂತ ಯಾರೂ ಅಂದುಕೊಳ್ಳಬಾರದು.

2010ರ ಜನವರಿಯ ಸುದ್ದಿ ಮಾತ್ರ ನನ್ನನ್ನು ಅಲ್ಲಾಡಿಸಿತು. ದಿಲ್ಲಿಯಲ್ಲಿ ವಿಶ್ವಕಪ್‌ಗೆ ಇನ್ನು ಎರಡು ತಿಂಗಳೂ ಇಲ್ಲ. ಪುಣೆಯ ಶಿಬಿರದಲ್ಲಿ 22 ಆಟಗಾರರು, ಬಾಕಿ ದುಡ್ಡು ಕೊಡದೆ ಅಭ್ಯಾಸ ಮಾಡುವುದಿಲ್ಲ ಅಂತ ಕೂತರು. ಧನರಾಜನದೇ ಊರಿನಲ್ಲಿ, ಧನರಾಜನದೇ ಮಾತು. ಕೊನೆಗೆ, ಹಳೇ ಫೆಡರೇಶನ್ ಜಾಗಕ್ಕೆ ಬಂದಿದ್ದ ಹಾಕಿ ಇಂಡಿಯಾ 1 ಕೋಟಿ ರೂಪಾಯಿ ಕೊಡಲು ಒಪ್ಪಿತು. ಈ ಸಲ ಪೇಪರ್‌ಗಳು, ಟೀವಿಗಳು, ಜನ ಎಲ್ಲ ಆಟಗಾರರ ಕಡೆ. ನಿಮ್ಮ ಈ ಅಂಕಣದಲ್ಲಿ ಒಂದೇ ಒಂದು ‘ಶಿಸ್ತು ಮೊದಲು’ ಪತ್ರ ಬರಲಿಲ್ಲ, ನಾನು ದಿನಾ ನೋಡುತ್ತಿದ್ದೆ. ಮೊದಲ ಪಂದ್ಯದಲ್ಲೇ ಪಾಕಿಸ್ತಾನವನ್ನು 4-1ರಿಂದ ಹೊಡೆದರು. ಮುಂದೆ ಎಂಟನೇ ಸ್ಥಾನಕ್ಕೆ ಇಳಿದರು, ಅದು ಬೇರೆ ಮಾತು. 2022ರಲ್ಲಿ ಇನ್ನೊಂದು ಸಣ್ಣ ಸುದ್ದಿ. ಗೆದ್ದ ಪ್ರತಿ ಪಂದ್ಯಕ್ಕೆ ಪ್ರತಿ ಆಟಗಾರನಿಗೆ 50 ಸಾವಿರ ರೂಪಾಯಿ ಕೊಡುವುದಾಗಿ ಹಾಕಿ ಇಂಡಿಯಾ ಹೇಳಿತು. ಸಿಂಗಲ್ ಕಾಲಂ, ನಾಲ್ಕು ಸಾಲು. ಅಪ್ಪ ಇದ್ದಿದ್ದರೆ ಓದಿ ಹೇಳುತ್ತಿದ್ದೆ.

ಈಗ 2012ಕ್ಕೆ ಬರುತ್ತೇನೆ. ಹಿಂದೆ ಮುಂದೆ ಆಯಿತು, ಕ್ಷಮಿಸಿ. ಇದನ್ನು ಕೊನೆಗೆ ಇಟ್ಟುಕೊಂಡಿದ್ದೆ.

ಆ ವರ್ಷ ವರ್ಲ್ಡ್ ಸೀರೀಸ್ ಹಾಕಿ ಅಂತ ಒಂದು ಲೀಗ್ ನಡೆಯಿತು. ಹಾಕಿ ಇಂಡಿಯಾ ಮಾನ್ಯತೆ ಇರಲಿಲ್ಲ. ಅಲ್ಲೂ ಧನರಾಜ್, ಮಾನ್ಯತೆ ಇಲ್ಲದ ಕಡೆ ಅವನು ಇರಲೇಬೇಕಲ್ಲ. ಆಡಿದ್ದು ಯಾವ ತಂಡಕ್ಕೆ ಗೊತ್ತೇ? ಕರ್ನಾಟಕ ಲಯನ್ಸ್. ನಮ್ಮ ಕೊಡಗಿನ ಅರ್ಜುನ್ ಹಾಲಪ್ಪ ಕ್ಯಾಪ್ಟನ್. ಧನರಾಜನಿಗೆ 43 ವರ್ಷ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಸ್ಲೀಪರ್ ಟಿಕೆಟ್ ಮಾಡಿಸಿ, ಚೀಲದಲ್ಲಿ ಕೆಂಪು ನೋಟ್‌ಬುಕ್ ಇಟ್ಟುಕೊಂಡು ಬೆಂಗಳೂರಿಗೆ ಹೋದೆ. ಸಹಿ ಹಾಕಿಸಿಕೊಳ್ಳಬೇಕು ಅಂತ. ಅವನನ್ನು ಎದುರಿಗೆ ನೋಡಿದ್ದು ಅದೇ ಮೊದಲು, ಅದೇ ಕೊನೆ.

ಶಾಂತಿನಗರದ ಹಾಕಿ ಕ್ರೀಡಾಂಗಣ. ಅರ್ಧವೂ ತುಂಬಿರಲಿಲ್ಲ. ಟೀವಿಯಲ್ಲಿ ಕಂಡ ಓಟ ಆಗಿರಲಿಲ್ಲ ಅದು. ಹುಡುಗರು ದಾಟಿ ಹೋಗುತ್ತಿದ್ದರು. ಇವನು ಸ್ಟಿಕ್ಕಿನಿಂದ ಟರ್ಫ್ ತಟ್ಟಿ ತಟ್ಟಿ ಪಾಸ್ ಕೇಳುತ್ತಿದ್ದ. ಒಂದು ಸಲ, ಒಂದೇ ಒಂದು ಸಲ, ಬಲ ಅಂಚಿನಲ್ಲಿ ಚೆಂಡು ಸಿಕ್ಕಿತು. ಎಡ ಭುಜ ಇಳಿಸಿದ. ಎದುರಿನ ಹುಡುಗ, ಅವನು ಹುಟ್ಟುವಾಗಲೇ ಇವನು ಭಾರತಕ್ಕೆ ಆಡುತ್ತಿದ್ದಿರಬೇಕು, ಪೂರಾ ಆ ಕಡೆ ವಾಲಿದ. ಗೋಲಾಗಲಿಲ್ಲ. ಆದರೆ ನನ್ನ ಪಕ್ಕ ಕೂತಿದ್ದ ವಯಸ್ಸಾದವರೊಬ್ಬರು ಎದ್ದು ನಿಂತು ಟೋಪಿ ತೆಗೆದರು. ನಾನೂ ಎದ್ದೆ.

ಆಟ ಮುಗಿದಮೇಲೆ ಬೇಲಿಯ ಹತ್ತಿರ ಜನ. ಹುಡುಗರು ಸ್ಟಿಕ್, ಅಂಗಿ, ಟಿಕೆಟ್ ಚಾಚುತ್ತಿದ್ದರು. ಅವನು ಒಬ್ಬೊಬ್ಬರದೂ ತೆಗೆದುಕೊಂಡು ಬರೆಯುತ್ತಾ ಬರುತ್ತಿದ್ದ. ನಾನು ಚೀಲದಿಂದ ನೋಟ್‌ಬುಕ್ ತೆಗೆದೆ. ಹಳೇ ಗೋಂದು ಒಣಗಿ ಹೋಗಿತ್ತು. ತೆಗೆಯುವಾಗಲೇ ಆ ಹನ್ನೊಂದು ಸಾಲಿನ ಚೀಟಿ ಜಾರಿ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಂಡೆ. ಅವನಿಗೆ ಕನ್ನಡ ಓದಲು ಬರುತ್ತದೋ ಇಲ್ಲವೋ, ಆ ಯೋಚನೆಯೇ ಬರಲಿಲ್ಲ. ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದೆ. ಅವನು ನನ್ನ ಮುಂದೆ ಬಂದಾಗ ಕೈ ಚಾಚಿ, ‘ಬೆಳಗಾವ್‌ಸೆ ಆಯಾ ಹೂಂ’ ಅಂದೆ. ಕೈ ಕುಲುಕಿ ಮುಂದೆ ಹೋದ. ಅಂಗೈ ನನ್ನದರಷ್ಟೇ ಒರಟು.

ಅದಕ್ಕೇ ಈ ಪತ್ರ. 1999ರ ಫೆಬ್ರುವರಿಯ ನನ್ನ ಪತ್ರವನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಅಂತ ಒಂದು ಸಾಲು ಹಾಕಿ. ಇಪ್ಪತ್ತು ವರ್ಷಕ್ಕೂ ಹಳೇ ಪತ್ರಕ್ಕೆ ತಿದ್ದುಪಡಿ ಹಾಕುವ ಪದ್ಧತಿ ನಿಮ್ಮಲ್ಲಿ ಇದೆಯೋ ಇಲ್ಲವೋ. ಜಾಗ ಸಾಲದಿದ್ದರೆ ಖಡ್ಕಿ, ಕುಂದಾ, ನನ್ನ ಹೆಂಡತಿಯ ಮಾತು, ಎಲ್ಲ ಕತ್ತರಿಸಿ. ಆ ಒಂದು ಸಾಲು ಇರಲಿ. ಅದನ್ನು ಕತ್ತರಿಸಿ ಹಳೆಯದರ ಕೆಳಗೆ ಅಂಟಿಸಬೇಕು. ಈ ಸಲ ಫೆವಿಕಾಲ್ ಹಚ್ಚುತ್ತೇನೆ.

ಹೆಸರು ಹಾಕಬೇಡಿ. ಆಗಲೂ ನೀವು ಹಾಕಿದ್ದು ಹೀಗೇ,

ಒಬ್ಬ ಹಾಕಿ ಪ್ರೇಮಿ
ಅನಗೋಳ, ಬೆಳಗಾವಿ